ಒಲಿದು ಯೆಹೂದ್ಯರಾದವರು

ಚರಿತ್ರೆಯಲ್ಲಿ ಮತಾಂತರದ ಪ್ರಸಂಗಗಳಿಗೆ ಕೊರತೆಯಿಲ್ಲ. ಅರಸನ ಮತವನ್ನು ಪ್ರಜೆಗಳು ಹಿಡಿದದ್ದುಂಟು. ಗೆದ್ದವರ ದೇವರನ್ನು ಸೋತವರು ಪೂಜಿಸಿದ್ದುಂಟು. ಅನ್ನಕ್ಕಾಗಿಯೋ ಅಧಿಕಾರಕ್ಕಾಗಿಯೋ ಪ್ರಾಣಭಯದಿಂದಲೋ ಹಿರಿಯರ ಆಚಾರವನ್ನು ಬಿಟ್ಟವರುಂಟು. ನೀರು ತಗ್ಗಿನ ಕಡೆಗೆ ಹರಿಯುವಂತೆ ಮನುಷ್ಯರೂ ಸಾಮಾನ್ಯವಾಗಿ ಕೆಲವರಿರುವ ಕಡೆಯಿಂದ ಹಲವರಿರುವ ಕಡೆಗೆ ಹರಿಯುತ್ತಾರೆ. ಇದಕ್ಕೆ ತೀರ ವಿರುದ್ಧವಾದುದೊಂದು ಬಗೆಯೂ ಇದೆ. ಹಲವರ ಮತದಲ್ಲಿ ಹುಟ್ಟಿ, ಅದರ ಎಲ್ಲ ಅನುಕೂಲಗಳನ್ನೂ ಅನುಭವಿಸಬಹುದಾಗಿದ್ದು, ಅವನ್ನೆಲ್ಲ ಒತ್ತಟ್ಟಿಗಿಟ್ಟು ಕೆಲವರ ಮತವನ್ನು, ಅದೂ ಲೋಕದ ತಿರಸ್ಕಾರಕ್ಕೆ ಪಾತ್ರರಾದ ಕೆಲವರ ಮತವನ್ನು, ತಾವಾಗಿ ಬಯಸಿ ಹೋದವರ ಬಗೆ ಅದು. ಯೂರೋಪಿನ ಕ್ರೈಸ್ತ ಸಮಾಜದಲ್ಲಿ ಹುಟ್ಟಿ ಯೆಹೂದ್ಯರಾದವರ ಕಥೆ ಇಂಥದು. ಅದನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಯೆಹೂದ್ಯರು ಮುಂಬಯಿಯ ಕನ್ನಡಿಗರಿಗೆ ಅಪರಿಚಿತರಲ್ಲ. ಮಸ್ಜಿದ್ ಬಂದರಿನ ಬಳಿಯ ಸ್ಯಾಮ್ಯುಯಲ್ ಸ್ಟ್ರೀಟಿನಲ್ಲಿ ೧೭೯೬ರಲ್ಲಿ ಕಟ್ಟಿದ ಅವರ ಸಭಾಮಂದಿರವೊಂದಿದೆ. ಅದನ್ನು ಕಟ್ಟಿಸಿದ ಸ್ಯಾಮ್ಯುಯಲ್ ದಿವೇಕರನು ಇಂಗ್ಲಿಷರ ಸೈನ್ಯದಲ್ಲಿದ್ದವನು. ಮೈಸೂರಿನ ಯುದ್ಧದಲ್ಲಿ ಟೀಪೂ ಸುಲ್ತಾನನ ಕೈಗೆ ಸೆರೆಸಿಕ್ಕಿ, ಬದುಕಿ ಬಂದರೆ ದೇವರಿಗೊಂದು ಮಂದಿರ ಕಟ್ಟಿಸುತ್ತೇನೆಂದು ಹರಕೆ ಹೊತ್ತನೆಂದು ಆ ಜನರಲ್ಲಿ ಹೇಳಿಕೆಯಿದೆ. ಕೊಂಕಣ ತೀರದಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಅವರ ಹಿರಿಯರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ ಕಾರಣ ನೆರೆಯವರು ಅವರನ್ನು 'ಶನಿವಾರ ತೇಲಿ'ಗಳೆಂದು ಕರೆದರು. ಹೆಸರಿಟ್ಟರು, ಅಷ್ಟೆ, ಶನಿವಾರವೂ ಗಾಣ ತಿರುಗಲೇಬೇಕೆಂದು ಯಾರೂ ಹಟ ಹಿಡಿಯಲಿಲ್ಲ. ಈ ಬೆನೆ ಇಸ್ರೇಲರು ಹುಟ್ಟು ಯೆಹೂದ್ಯರು. ನಾವೀಗ ಹೇಳಹೊರಟಿರುವುದು ಹುಟ್ಟಿನಿಂದಲ್ಲದೆ ಒಲವಿನಿಂದ ಯೆಹೂದ್ಯರಾದವರ ಸಂಗತಿ. ಅವರ ಸುತ್ತಲಿನ ಸಮಾಜವೂ ಇಷ್ಟು ಉದಾಸೀನವಾಗಿರಲಿಲ್ಲ.

ಕ್ರೈಸ್ತ ಸಮಾಜಕ್ಕೆ ಇವರ ಮೇಲೆ ಅಷ್ಟು ಮುನಿಸೇಕೆ? ಕ್ರೈಸ್ತಮತ ಹುಟ್ಟಿದ್ದು ಯೆಹೂದ್ಯರ ನಡುವೆ. ಅವರ ಧರ್ಮಗ್ರಂಥವನ್ನು ಹಳೆಯ ಒಡಂಬಡಿಕೆಯೆಂಬ ಹೆಸರಿನಿಂದ ಕ್ರೈಸ್ತರೂ ಪೂಜ್ಯವೆಂದು ಇಟ್ಟುಕೊಂಡರು. ಹಳೆಯದು ಹೊಸದರಲ್ಲಿ ಪೂರ್ಣವಾಯಿತು ಎಂಬುದು ಅವರ ನಂಬಿಕೆ. ಹಾಗಿರುವಾಗ ಕ್ರೈಸ್ತನಾಗಿ ಹುಟ್ಟಿದವನೊಬ್ಬನು ಅದೇ ಗ್ರಂಥವನ್ನು ಓದಿ, ತನಗೆ ಹಳೆಯದೇ ಸಾಕೆಂದು ಹೊರಟರೆ, ಅವನು ಮನೆ ಬಿಟ್ಟವನಂತೆ ಮಾತ್ರವಲ್ಲ, ಮನೆಯ ಪಾಯವನ್ನೇ ಶಂಕಿಸಿದವನಂತೆ ಕಂಡನು. ಕ್ರಿ.ಶ. ೪೩೮ರಲ್ಲಿ ಪ್ರಕಟವಾದ ಥಿಯೊಡೋಸಿಯಸ್ ಚಕ್ರವರ್ತಿಯ ಕಾನೂನು ಸಂಹಿತೆಯಲ್ಲಿ ಯೆಹೂದ್ಯರನ್ನು ಸೇರಿದ ಕ್ರೈಸ್ತನ ಆಸ್ತಿಯನ್ನು ಬೊಕ್ಕಸಕ್ಕೆ ಮುಟ್ಟುಗೋಲು ಹಾಕಬೇಕೆಂಬ ವಿಧಿಯಿದೆ. ಮುಂದೆ ಆಸ್ತಿ ಹೋಗಿ ಪ್ರಾಣಕ್ಕೆ ಬಂತು. ೧೨೨೨ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಯೆಹೂದ್ಯನಾದ ಒಬ್ಬ ಕಿರಿಯ ಪಾದ್ರಿಯನ್ನು ಸುಟ್ಟರು. ೧೫೩೯ರಲ್ಲಿ ಪೋಲೆಂಡಿನ ಕ್ರಾಕೋ ನಗರದ ಪೇಟೆಯ ಬಯಲಿನಲ್ಲಿ ಕಟಾರ್ಜಿನಾ ವೈಗೆಲ್ ಎಂಬ ಎಂಬತ್ತರ ಮುದುಕಿಯನ್ನು ಇದೇ ಕಾರಣಕ್ಕೆ ಸುಟ್ಟರು. ೧೭೩೮ರಲ್ಲಿ ರಷ್ಯದ ಪೀಟರ್ಸ್‌ಬರ್ಗಿನಲ್ಲಿ ವೊಜ್ನಿತ್ಸಿನ್ ಎಂಬ ನೌಕಾಪಡೆಯ ಅಧಿಕಾರಿಯನ್ನೂ, ಅವನಿಗೆ ಯೆಹೂದ್ಯ ಧರ್ಮ ಕಲಿಸಿದನೆಂದು ಬೊರೂಖ್ ಲೈಬೊವ್ ಎಂಬ ಯೆಹೂದ್ಯನನ್ನೂ ಒಂದೇ ಚಿತೆಯಲ್ಲಿ ಸುಟ್ಟರು.

ಈ ಕೊನೆಯ ಪ್ರಸಂಗವನ್ನು ತುಸು ಗಮನಿಸಬೇಕು. ಬಂದವನೊಡನೆ ಬರಮಾಡಿಕೊಂಡವನೂ ಸುಟ್ಟುಹೋದನು. ಆದುದರಿಂದ ಯೆಹೂದ್ಯರೂ ಇಂಥ ಅತಿಥಿಗಳನ್ನು ಕೈಚಾಚಿ ಕರೆಯಲಿಲ್ಲ. ಒಬ್ಬನನ್ನು ಒಳಕ್ಕೆ ಬಿಟ್ಟ ತಪ್ಪಿಗೆ ಕೇರಿಗೆ ಕೇರಿಯೇ ದಂಡ ತೆರಬೇಕಾದೀತೆಂಬ ಭಯ ಅವರಿಗೆ. ಅಲ್ಲದೆ ಅವರ ಶಾಸ್ತ್ರವೂ ಅವಸರವನ್ನು ಒಪ್ಪುವುದಿಲ್ಲ. ಸೇರಬೇಕೆಂದು ಬಂದವನನ್ನು ಮೊದಲು ವಿಚಾರಿಸಬೇಕು. ಈ ಕಾಲದಲ್ಲಿ ನಮ್ಮ ಜನ ಎಂಥ ಸಂಕಟದಲ್ಲಿರುವರೆಂಬುದು ನಿನಗೆ ತಿಳಿದಿದೆಯೇ ಎಂದು ಕೇಳಬೇಕು. ತಿಳಿದೂ ಬರುವುದಾದರೆ ಮಾತ್ರ ಕೆಲವು ಹಗುರವಾದ, ಕೆಲವು ಭಾರವಾದ ವಿಧಿಗಳನ್ನು ತಿಳಿಸಿ ಸ್ವೀಕರಿಸಬೇಕು. ಹೀಗೆಂದು ತಾಲ್ಮುದಿನ ಹಿರಿಯರು ಗೊತ್ತುಮಾಡಿದ್ದಾರೆ. ಗಂಡಸಿಗೆ ಸುನ್ನತಿ, ಗಂಡಸು ಹೆಂಗಸು ಇಬ್ಬರಿಗೂ ನೀರಿನಲ್ಲಿ ಮುಳುಗುವ ವಿಧಿ. ಒಮ್ಮೆ ಒಳಗೆ ಬಂದ ಮೇಲೆ ಅವನ ಹಿಂದಿನದನ್ನು ಎತ್ತಿ ಆಡಬಾರದೆಂಬ ಕಟ್ಟಳೆಯೂ ಉಂಟು. ದಾವೀದ ಅರಸನ ಮುತ್ತಜ್ಜಿಯಾದ ರೂತಳು ಮೋವಾಬ್ ದೇಶದಿಂದ ಬಂದು ಸೇರಿದವಳಲ್ಲವೆ ಎಂದು ಅವರು ನೆನಪುಮಾಡಿಕೊಳ್ಳುತ್ತಾರೆ.

ಹೀಗೆ ಬಂದವನಿಗೆ ಹೀಬ್ರೂ ಭಾಷೆಯಲ್ಲಿ 'ಗೇರ್' ಎಂದು ಹೆಸರು. ಆ ಶಬ್ದದ ಮೂಲಾರ್ಥ ಪರಸ್ಥಳದಿಂದ ಬಂದು ನಮ್ಮ ನಡುವೆ ನೆಲಸಿದವನು ಎಂದು. ನೀವೂ ಐಗುಪ್ತ ದೇಶದಲ್ಲಿ ಪರಸ್ಥಳದವರಾಗಿದ್ದಿರಿ, ಆದುದರಿಂದ ಪರಸ್ಥಳದವನನ್ನು ಪೀಡಿಸಬೇಡಿ ಎಂಬ ಅರ್ಥದ ವಿಧಿ ಮೋಶೆಯ ಧರ್ಮಶಾಸ್ತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ವಲಸೆಗಾರನಿಗೂ ಮತಾಂತರಿಗೂ ಒಂದೇ ಮಾತು! ಹುಟ್ಟಿದ ಊರು ಬಿಟ್ಟು ಬೇರೆ ಮಾತಿನ ನಾಡಿನಲ್ಲಿ ಒಲೆ ಹೂಡಿದ ನಮಗೆ ಆ ಮಾತಿನ ಭಾರ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಂದು ಸೇರಿದವರಲ್ಲಿ ತನ್ನ ಕಥೆಯನ್ನು ತಾನೇ ಬರೆದಿಟ್ಟವನೊಬ್ಬನಿದ್ದಾನೆ. ದಕ್ಷಿಣ ಇಟಲಿಯ ಓಪ್ಪಿದೋ ಎಂಬ ಊರಿನ ನಾರ್ಮನ್ ಪ್ರಭುವಿನ ಮಗ ಜೊವಾನಿ. ಬಾರಿ ನಗರದ ಆರ್ಚ್‌ಬಿಷಪ್ಪನಾಗಿದ್ದ ಆಂಡ್ರಿಯಾಸನೇ ಯೆಹೂದ್ಯನಾಗಿ ದೇಶ ಬಿಟ್ಟ ಸುದ್ದಿ ಅವನ ಬಾಲ್ಯದಲ್ಲಿ ಕಿವಿಗೆ ಬಿದ್ದಿತ್ತು. ೧೧೦೨ರಲ್ಲಿ ಜೊವಾನಿಯೂ ಯೆಹೂದ್ಯನಾಗಿ ಓಬದ್ಯನೆಂಬ ಹೆಸರು ತಳೆದನು. ಕ್ರೈಸ್ತ ರಾಜ್ಯದಲ್ಲಿ ಅವನಿಗೆ ಇನ್ನು ನೆಲೆಯಿಲ್ಲ. ಮುಸಲ್ಮಾನರ ಆಳ್ವಿಕೆಯ ಅಲೆಪ್ಪೊ, ಬಾಗ್ದಾದ್‌ಗಳನ್ನು ಅಲೆದು ಕೊನೆಗೆ ಈಜಿಪ್ಟನ್ನು ಸೇರಿದನು. ಬಾಗ್ದಾದಿನಲ್ಲಿ ಈ ಪ್ರಭುಪುತ್ರನು ಅನಾಥ ಬಾಲಕರ ಸಾಲಿನಲ್ಲಿ ಕುಳಿತು ಹೀಬ್ರೂ ಅಕ್ಷರ ತಿದ್ದಿದನು. ಅವನ ಆತ್ಮಕಥೆಯ ಚೂರುಗಳು ಕೈರೋ ನಗರದ ಹಳೆಯ ಸಭಾಮಂದಿರದ ಉಗ್ರಾಣದಲ್ಲಿ ದೊರೆತಿವೆ. ಅಲ್ಲಿಯೇ ಸಿಕ್ಕ, ಅವನ ಕೈಬರಹದ ಇನ್ನೊಂದು ಪತ್ರ ಇನ್ನೂ ಸ್ವಾರಸ್ಯವಾದುದು. ಇಟಲಿಯ ಚರ್ಚುಗಳಲ್ಲಿ ರೂಢಿಯಿದ್ದ ಸ್ವರಚಿಹ್ನೆಗಳಿಂದ ಹೀಬ್ರೂ ಗೀತೆಗಳ ರಾಗವನ್ನು ಅವನು ಅದರಲ್ಲಿ ಗುರುತುಹಾಕಿದ್ದಾನೆ. ಸ್ವರಲಿಪಿಯಲ್ಲಿ ಬರೆದ ಹೀಬ್ರೂ ಸಂಗೀತದಲ್ಲಿ ಇದಕ್ಕಿಂತ ಹಳೆಯದು ಈವರೆಗೆ ದೊರೆತಿಲ್ಲ. ಬಿಟ್ಟು ಬಂದ ಮನೆಯಲ್ಲಿ ಕಲಿತ ವಿದ್ಯೆಯೇ ಸೇರಿದ ಮನೆಗೆ ಕಾಣಿಕೆಯಾಯಿತು.

ಅದೇ ಶತಮಾನದಲ್ಲಿ ಓಬದ್ಯನೆಂಬ ಹೆಸರಿನ ಬೇರೊಬ್ಬ ಮತಾಂತರಿಗೆ ಒಂದು ಸಂಶಯ ಬಂದಿತು. ಯೆಹೂದ್ಯರ ಪ್ರಾರ್ಥನೆಯಲ್ಲಿ 'ನಮ್ಮ ಪಿತೃಗಳ ದೇವರೇ' ಎಂಬ ಸಂಬೋಧನೆ ಅಡಿಗಡಿಗೂ ಬರುತ್ತದೆ. ತನ್ನ ಪಿತೃಗಳು ಬೇರೆ. ಅಬ್ರಹಾಮನ ವಂಶದಲ್ಲಿ ತಾನು ಹುಟ್ಟಿದವನಲ್ಲ. ಹಾಗಿದ್ದೂ ಆ ಮಾತನ್ನು ತಾನು ನುಡಿಯಬಹುದೆ? ನುಡಿದರೆ ಸುಳ್ಳಾಗುವುದಿಲ್ಲವೆ? ಅವನು ಆ ಕಾಲದ ಮಹಾಪಂಡಿತನಾದ ಮೈಮೊನಿಡೀಸನಿಗೆ ಪತ್ರ ಬರೆದು ಕೇಳಿದನು. ಒಂದಕ್ಷರವನ್ನೂ ಬದಲಿಸದೆ ಎಲ್ಲರಂತೆ ನುಡಿ ಎಂದು ಪಂಡಿತನ ಉತ್ತರ ಬಂತು. ಅಬ್ರಹಾಮನ ಮಾರ್ಗವನ್ನು ಹಿಡಿದವರೆಲ್ಲ ಅವನ ಮಕ್ಕಳೇ. ಬಂದು ಸೇರಿದವನಿಗೂ ಅಲ್ಲಿಯೇ ಹುಟ್ಟಿದವನಿಗೂ ಯಾವ ಭೇದವೂ ಇಲ್ಲ. ನಿನ್ನ ಕುಲ ನಿನಗೆ ಅಲ್ಪವೆಂದು ತೋರದಿರಲಿ ಎಂಬುದು ಆ ಉತ್ತರದ ಸಾರಾಂಶ. ಎಂಟು ನೂರು ವರ್ಷಗಳ ಮೇಲೆಯೂ ಆ ಕಾಗದವನ್ನು ಜನ ಓದುತ್ತಾರೆ. ಪ್ರಶ್ನೆ ಇನ್ನೂ ಹಳತಾಗದಿರುವುದೇ ಅದಕ್ಕೆ ಕಾರಣ.

ಬೆಂಕಿಯ ಕಾಲ ಮುಗಿದ ಮೇಲೆ ನಗೆಯ ಕಾಲ ಬಂದಿತು. ಡ್ಯೂಕನ ಮಗನಾದ ಲಾರ್ಡ್ ಜಾರ್ಜ್ ಗಾರ್ಡನ್ನನು ೧೭೮೦ರಲ್ಲಿ ಕ್ಯಾಥೊಲಿಕರ ವಿರುದ್ಧ ಲಂಡನ್ನಿನಲ್ಲಿ ನಡೆದ ದೊಡ್ಡ ದೊಂಬಿಗೆ ತನ್ನ ಹೆಸರು ಅಂಟಿಸಿಕೊಂಡಿದ್ದವನು. ೧೭೮೭ರಲ್ಲಿ ಅವನು ಬರ್ಮಿಂಗ್‌ಹ್ಯಾಮಿನಲ್ಲಿ ಯೆಹೂದ್ಯನಾಗಿ ಗಡ್ಡ ಬಿಟ್ಟಾಗ ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಮಾನಹಾನಿಯ ಅಪರಾಧಕ್ಕಾಗಿ ನ್ಯೂಗೇಟ್ ಸೆರೆಮನೆ ಸೇರಿದವನು ಅಲ್ಲಿಯೂ ಆಹಾರನಿಯಮ ತಪ್ಪದೆ, ಹತ್ತು ಮಂದಿ ಯೆಹೂದ್ಯರನ್ನು ಕೂಡಿಸಿಕೊಂಡು ಪ್ರಾರ್ಥನೆ ನಡೆಸುತ್ತ, ೧೭೯೩ರಲ್ಲಿ ಸೆರೆಮನೆಯ ಜ್ವರದಿಂದಲೇ ತೀರಿಕೊಂಡನು. ಅವನನ್ನು ಹೂಳಿದ್ದು ಇಂಗ್ಲಿಷ್ ಚರ್ಚೊಂದರ ಸ್ಮಶಾನದಲ್ಲಿ.

ಅಮೆರಿಕದ ವಾರ್ಡರ್ ಕ್ರೆಸ್ಸನ್ನನದು ಇನ್ನೊಂದು ರೀತಿ. ಫಿಲಡೆಲ್ಫಿಯದ ಬಳಿಯ ಅನುಕೂಲಸ್ಥ ರೈತ, ಕ್ವೇಕರ್ ಮನೆತನ. ೧೮೪೪ರಲ್ಲಿ ಯೆರೂಸಲೇಮಿಗೆ ಹೋಗಿ, ೧೮೪೮ರಲ್ಲಿ ಅಲ್ಲಿ ಯೆಹೂದ್ಯನಾಗಿ, ಮನೆಯ ವ್ಯವಹಾರ ತೀರಿಸಿಕೊಂಡು ಹಿಂದಿರುಗೋಣವೆಂದು ಊರಿಗೆ ಬಂದನು. ಹೆಂಡತಿ ಮಕ್ಕಳು ಇವನಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಕೋರ್ಟಿಗೆ ಹೋದರು; ೧೮೪೯ರಲ್ಲಿ ತೀರ್ಪು ಅವರ ಕಡೆಗಾಯಿತು. ಅವನು ಮೇಲಿನ ನ್ಯಾಯಾಲಯಕ್ಕೆ ಹೋದನು. ೧೮೫೧ರಲ್ಲಿ ಆರು ದಿನ ವಿಚಾರಣೆ ನಡೆಯಿತು. ನೂರರ ಸಮೀಪ ಸಾಕ್ಷಿಗಳು ಬಂದರು. ಅದಕ್ಕೆ ಮುಂಚೆ ಅವನು ಕ್ರೈಸ್ತರಲ್ಲಿಯೇ ಒಂದು ಪಂಥದಿಂದ ಇನ್ನೊಂದಕ್ಕೆ ಹಲವು ಸಲ ಹಾರಿದ್ದನು. ಆಗೆಲ್ಲ ಇಂಥ ದಾವೆ ಹುಟ್ಟಿರಲಿಲ್ಲ. ಯೆಹೂದ್ಯನಾದ ಕೂಡಲೆ ಹುಚ್ಚನಾದನೆ? ಜ್ಯೂರಿಯವರು ಅವನು ಸ್ವಸ್ಥನೆಂದು ಹೇಳಿದರು. ಮತ ಬದಲಿಸುವುದು ಹುಚ್ಚಿನ ಲಕ್ಷಣವಲ್ಲವೆಂಬುದು ಹೀಗೆ ನ್ಯಾಯಸ್ಥಾನದಲ್ಲಿ ಸ್ಥಿರಪಟ್ಟಿತು. ಕ್ರೆಸ್ಸನ್ ಯೆರೂಸಲೇಮಿಗೆ ಮರಳಿ ೧೮೬೦ರಲ್ಲಿ ಅಲ್ಲಿಯೇ ಕಾಲವಾದನು.

ಇವರೆಲ್ಲ ಪ್ರಭುಗಳು, ಪಾದ್ರಿಗಳು, ಹಣವಂತರು, ಒಬ್ಬೊಬ್ಬರಾಗಿ ಹೋದವರು. ಇಪ್ಪತ್ತನೆಯ ಶತಮಾನದಲ್ಲಿ ಬಡ ಹಳ್ಳಿಗರ ಒಂದು ಗುಂಪೇ ಈ ದಾರಿ ಹಿಡಿದದ್ದು ಎಲ್ಲಕ್ಕಿಂತ ಸೋಜಿಗವಾದ ಸಂಗತಿ. ದಕ್ಷಿಣ ಇಟಲಿಯ ಗಾರ್ಗಾನೊ ಬೆಟ್ಟಸೀಮೆಯಲ್ಲಿ ಸಾನ್ ನಿಕಾಂದ್ರೊ ಎಂಬ ಊರಿದೆ. ಜನ ಹೆಚ್ಚಾಗಿ ಭೂಮಿಯಿಲ್ಲದ ಕೂಲಿಗಳು. ನೇಪಲ್ಸ್ ರಾಜ್ಯದಿಂದ ಯೆಹೂದ್ಯರನ್ನು ೧೫೪೧ರಲ್ಲಿ ಕಡೆಯದಾಗಿ ಹೊರದೂಡಿದ ಮೇಲೆ ಆ ಸೀಮೆಯವರು ಯೆಹೂದ್ಯನೊಬ್ಬನನ್ನು ಕಣ್ಣಿನಲ್ಲಿ ಕಂಡದ್ದೇ ಅಪೂರ್ವ. ಆ ಊರಿನಲ್ಲಿ ೧೮೮೫ರಲ್ಲಿ ಹುಟ್ಟಿದವನು ದೊನಾತೊ ಮಾಂದುತ್ಸಿಯೊ. ಶಾಲೆಯ ಮುಖ ಕಂಡವನಲ್ಲ. ಮೊದಲನೆಯ ಮಹಾಯುದ್ಧಕ್ಕೆ ಹೋಗಿ, ರೋಗದಿಂದ ಕಾಲಿನ ಶಕ್ತಿ ಕಳೆದುಕೊಂಡು, ಸೈನ್ಯದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಓದು ಕಲಿತನು. ಊರಿಗೆ ಮರಳಿ ಕಥೆ ಹೇಳುತ್ತ, ರೋಗಿಗಳಿಗೆ ಉಪಚಾರ ಹೇಳುತ್ತ ಕಾಲ ಕಳೆಯುತ್ತಿದ್ದನು.

೧೯೩೦ರ ಆಗಸ್ಟಿನ ಒಂದು ರಾತ್ರಿ ಅವನಿಗೊಂದು ದರ್ಶನವಾಯಿತಂತೆ: ಕತ್ತಲೆಯಲ್ಲಿ ಒಬ್ಬ ಮನುಷ್ಯ; ಅವನ ಕೈಯಲ್ಲಿ ಇನ್ನೂ ಹೊತ್ತಿಸದ ದೀಪ. ಅದೇ ಹೊತ್ತಿಗೆ ಪ್ರಾಟೆಸ್ಟೆಂಟ್ ಪಂಥದ ಪರಿಚಿತನೊಬ್ಬನಿಂದ ಇಟಾಲಿಯನ್ ಭಾಷೆಯ ಬೈಬಲ್ ಅವನ ಕೈಸೇರಿತು. ಅಮೆರಿಕಕ್ಕೆ ಕೂಲಿಗಾಗಿ ಹೋದವರು ಊರಿಗೆ ಮರಳುವಾಗ ಹಣದೊಂದಿಗೆ ಹೊಸ ಪಂಥಗಳನ್ನೂ ಪುಸ್ತಕಗಳನ್ನೂ ತರುತ್ತಿದ್ದ ಕಾಲವದು. ಮೊದಲ ಪುಟದಿಂದ ಓದತೊಡಗಿದ ಮಾಂದುತ್ಸಿಯೊ ಸೃಷ್ಟಿಕರ್ತನೊಬ್ಬನೇ, ಅವನು ವಿಶ್ರಾಂತಿಗೆಂದು ಕೊಟ್ಟ ದಿನ ಶನಿವಾರ, ಮೋಶೆಗೆ ಕೊಟ್ಟ ಧರ್ಮಶಾಸ್ತ್ರ ರದ್ದಾಗಿಲ್ಲ ಎಂಬ ನಿರ್ಣಯಕ್ಕೆ ಬಂದನು. ನೆರೆಹೊರೆಯವರಿಗೆ ಅದನ್ನು ಹೇಳಿದನು. ಕೆಲವು ಕುಟುಂಬಗಳು ನಂಬಿದವು. ಇಲ್ಲೊಂದು ಮುಗ್ಧತೆಯಿದೆ. ಬೈಬಲಿನ ಆ ಜನ ಎಂದೋ ಅಳಿದುಹೋಗಿದ್ದಾರೆಂದೂ, ಅವರ ಧರ್ಮವನ್ನು ತಾನೇ ಮತ್ತೆ ಹುಟ್ಟಿಸುತ್ತಿರುವೆನೆಂದೂ ಅವನು ತಿಳಿದಿದ್ದನು. ಊರೂರು ಸುತ್ತುವ ಒಬ್ಬ ವ್ಯಾಪಾರಿ, ದೊಡ್ಡ ನಗರಗಳಲ್ಲಿ ಯೆಹೂದ್ಯರು ಇನ್ನೂ ಇದ್ದಾರಲ್ಲ ಎಂದಾಗ ಅವನಿಗಾದ ಆಶ್ಚರ್ಯ ಎಷ್ಟಿರಬೇಕು!

ಅವನು ರೋಮಿನ ಮುಖ್ಯ ರಬ್ಬಿ ಆಂಜೆಲೊ ಸಾಚೆರ್ದೋತಿಯವರಿಗೆ ಪತ್ರ ಬರೆದನು. ಮಾರುತ್ತರ ಬರಲಿಲ್ಲ. ಮತ್ತೆ ಬರೆದನು. ಯಾರೋ ಪರಿಹಾಸ್ಯ ಮಾಡುತ್ತಿರುವರೆಂದು ರೋಮಿನವರು ಶಂಕಿಸಿದ್ದರು. ಅದು ಸಹಜವೇ. ೧೯೨೯ರಲ್ಲಿ ಮುಸೊಲಿನಿಗೂ ಪೋಪರಿಗೂ ಒಪ್ಪಂದವಾಗಿ ಕ್ಯಾಥೊಲಿಕ್ ಮತ ಇಟಲಿಯ ರಾಜಮತವೆಂದು ಸ್ಥಿರಪಟ್ಟಿತ್ತು. ಆ ಹೊತ್ತಿನಲ್ಲಿ ಕ್ಯಾಥೊಲಿಕರನ್ನು ಸೆಳೆದುಕೊಂಡರೆಂಬ ಮಾತು ಬಂದರೆ ಅಪಾಯ. ಆದರೂ ಕೊನೆಗೆ ಕಾಗದಗಳು ಓಡಾಡಿದವು. ಪಂಚಾಂಗವೂ ಪ್ರಾರ್ಥನಾ ಪುಸ್ತಕಗಳೂ ಬಂದವು. ಆದರೆ ಶಾಸ್ತ್ರೋಕ್ತವಾಗಿ ಸೇರಿಸಿಕೊಳ್ಳುವ ಮಾತನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಹೋದರು.

ಹೀಗೆ ಹದಿನೈದು ವರ್ಷಗಳಿಗೂ ಮಿಕ್ಕಿ ಆ ಜನ ನಡುಬಾಗಿಲಲ್ಲಿ ನಿಂತಿದ್ದರು. ಅಂಥ ಬಾಳು ಎಂಥದೆಂಬುದನ್ನು ನಾವು ಒಂದಿಷ್ಟು ಊಹಿಸಿಕೊಳ್ಳಬೇಕು. ದಿನಗೂಲಿಯವನು ಶನಿವಾರ ಕೂಲಿ ಬಿಟ್ಟರೆ ಭಾನುವಾರ ಊರಿಗೇ ರಜೆ. ವಾರದಲ್ಲಿ ಎರಡು ದಿನದ ಸಂಪಾದನೆ ಹೋಯಿತು. ಚಳಿಗಾಲದಲ್ಲಿ ಹಂದಿ ಕೊಯ್ದು ಮಾಂಸ ಹದಮಾಡಿಡುವ ಸೀಮೆಯಲ್ಲಿ ಹಂದಿಯನ್ನು ಮುಟ್ಟದವನು ನೆಂಟರ ಮನೆಯ ಪಂಕ್ತಿಗೆ ದೂರ. ಮಗುವಿಗೆ ದೀಕ್ಷಾಸ್ನಾನ ಮಾಡಿಸದಿದ್ದರೆ ಅದಕ್ಕೆ ಧರ್ಮಪಿತನಿಲ್ಲ. ಆ ಸಂಬಂಧವೋ ಅಲ್ಲಿನ ಹಳ್ಳಿಗಳಲ್ಲಿ ರಕ್ತಸಂಬಂಧದಷ್ಟೇ ಗಟ್ಟಿ. ಮದುವೆ, ಮರಣ, ಊರಹಬ್ಬ ಎಲ್ಲವೂ ಚರ್ಚಿನ ಗಂಟೆಯ ಸುತ್ತ ನಡೆಯುವಾಗ ಆ ಗಂಟೆ ತನಗಲ್ಲವೆಂದು ಕುಳಿತಿರುವುದು ಸಣ್ಣ ಕಷ್ಟವಲ್ಲ. ಪಾದ್ರಿಗಳಿಗೆ ಇವರು ದಾರಿ ತಪ್ಪಿದವರು; ಪೊಲೀಸರಿಗೆ ಅಪ್ಪಣೆಯಿಲ್ಲದೆ ಸಭೆ ಸೇರುವವರು; ರೋಮಿನ ಯೆಹೂದ್ಯರಿಗೋ ಇನ್ನೂ ತಮ್ಮವರಲ್ಲ.

೧೯೩೮ರಲ್ಲಿ ಮುಸೊಲಿನಿಯ ಸರ್ಕಾರ ಯೆಹೂದ್ಯರ ಮೇಲೆ ಜನಾಂಗೀಯ ಕಾನೂನುಗಳನ್ನು ಹೇರಿತು. ಯೆಹೂದ್ಯ ಮಕ್ಕಳು ಶಾಲೆಗಳಿಂದ, ಅಧ್ಯಾಪಕರು ವಿಶ್ವವಿದ್ಯಾನಿಲಯಗಳಿಂದ ಹೊರಬಿದ್ದರು. ಆ ಕಾನೂನು ಮನುಷ್ಯನನ್ನು ಅಳೆದದ್ದು ರಕ್ತದಿಂದ, ನಂಬಿಕೆಯಿಂದಲ್ಲ. ಸಾನ್ ನಿಕಾಂದ್ರೊದ ಕೂಲಿಗಳು ರಕ್ತದಿಂದ ಯೆಹೂದ್ಯರಲ್ಲ. 'ಅದೆಲ್ಲ ಬಿಟ್ಟೆವು' ಎಂದು ಒಂದು ಮಾತು ಆಡಿದ್ದರೆ, ಅಥವಾ ಸುಮ್ಮನೆ ಮರೆತಂತೆ ನಟಿಸಿದ್ದರೆ, ಸುಖವಾಗಿರಬಹುದಾಗಿತ್ತು. ಹುಟ್ಟು ಯೆಹೂದ್ಯರಲ್ಲಿಯೇ ಕೆಲವರು ಜ್ಞಾನಸ್ನಾನ ಪಡೆದು ಪಾರಾಗಲು ನೋಡುತ್ತಿದ್ದ ಕಾಲದಲ್ಲಿ ಇವರು ಮಾತ್ರ ಸಬ್ಬತ್ತನ್ನು ಬಿಡಲಿಲ್ಲ, ತಮ್ಮನ್ನು ಸೇರಿಸಿಕೊಳ್ಳಿರೆಂದು ಬೇಡುವುದನ್ನೂ ಬಿಡಲಿಲ್ಲ. ಅವರ ನಿಷ್ಠೆಯ ಪರೀಕ್ಷೆ ಆಗಲೇ ಮುಗಿಯಿತೆಂದು ನಮಗೆ ತೋರುತ್ತದೆ.

೧೯೪೩ರ ಶರತ್ಕಾಲದಲ್ಲಿ ಬ್ರಿಟಿಷರ ಎಂಟನೆಯ ಸೈನ್ಯ ಆ ಸೀಮೆಗೆ ಬಂದಿತು. ಸೈನ್ಯದ ಕೆಲವು ಲಾರಿಗಳ ಮೇಲೆ ದಾವೀದನ ಆರು ಮೂಲೆಯ ನಕ್ಷತ್ರವಿತ್ತು. ಅವು ಪ್ಯಾಲೆಸ್ಟೈನಿನ ಯೆಹೂದ್ಯ ಸೈನಿಕರ ದಳದವು. ಹಳ್ಳಿಗರು ತಾವೂ ಅಂಥದೇ ನಕ್ಷತ್ರದ ಬಾವುಟ ಹಿಡಿದು ರಸ್ತೆಗೆ ಬಂದರು. ಸೈನಿಕರು ದಂಗಾದರು. ಅದೇ ವರ್ಷ ಅಕ್ಟೋಬರ್ ೧೬ರಂದು ಜರ್ಮನರ ವಶದಲ್ಲಿದ್ದ ರೋಮಿನಲ್ಲಿ ಸಾವಿರಕ್ಕೂ ಮಿಕ್ಕ ಯೆಹೂದ್ಯರನ್ನು ಹಿಡಿದು ಆಷ್‌ವಿಟ್ಸಿನ ಮರಣಶಿಬಿರಕ್ಕೆ ಸಾಗಿಸಿದರು. ಬದುಕಿ ಬಂದವರು ಹದಿನಾರು ಮಂದಿ. ಯಾವ ರೋಮಿನ ಬಾಗಿಲನ್ನು ಇವರು ತಟ್ಟುತ್ತಿದ್ದರೋ ಆ ಮನೆಯೇ ಸ್ಮಶಾನವಾಯಿತು. ಯೂರೋಪಿನಲ್ಲಿ ಅರುವತ್ತು ಲಕ್ಷ ಯೆಹೂದ್ಯರು ಹತರಾದರೆಂಬುದು ತಿಳಿದ ಮೇಲೂ ಸಾನ್ ನಿಕಾಂದ್ರೊದವರು ಹಿಂದೆಗೆಯಲಿಲ್ಲ. ೧೯೪೬ರಲ್ಲಿ ಕಡೆಗೂ ಗಂಡಸರಿಗೆ ಸುನ್ನತಿಯಾಯಿತು. ಊರಿನ ಸಮೀಪದ ಕಡಲಿನಲ್ಲಿ ಮುಳುಗಿ ಎದ್ದು ಅವರು ಶಾಸ್ತ್ರೋಕ್ತವಾಗಿ ಯೆಹೂದ್ಯರಾದರು. ಈ ಸಂಕಟದ ಕಾಲದಲ್ಲಿಯೂ ಬರುವೆಯಾ ಎಂದು ತಾಲ್ಮುದಿನ ಹಿರಿಯರು ಕೇಳಹೇಳಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವುಂಟೆ?

ಮಾಂದುತ್ಸಿಯೊ ೧೯೪೮ರ ಮಾರ್ಚಿಯಲ್ಲಿ ತೀರಿಕೊಂಡನು. ಇಸ್ರೇಲ್ ರಾಜ್ಯ ಹುಟ್ಟಿದ್ದು ಅದೇ ಮೇ ತಿಂಗಳಲ್ಲಿ. ಎಲ್ಲರೂ ಎದ್ದು ಹೋಗಬೇಕೆಂಬುದು ಅವನಿಗೆ ಸಮ್ಮತವಾಗಿರಲಿಲ್ಲ. ಬೆಳಕು ಕಾಣದವರ ನಡುವೆ ಇದ್ದುಕೊಂಡೇ ದೀಪ ಹಿಡಿಯಬೇಕೆಂಬುದು ಅವನ ಎಣಿಕೆ. ಆದರೆ ಅವನ ಶಿಷ್ಯರಲ್ಲಿ ಹೆಚ್ಚಿನವರು ೧೯೪೯ರಲ್ಲಿ ಹಡಗು ಹತ್ತಿದರು. ಕೆಲವರು ಗಲಿಲಾಯದ ಆಲ್ಮಾ ಎಂಬ ಹಳ್ಳಿಯಲ್ಲಿ ನೆಲಸಿದರು. ಇಟಲಿಯಲ್ಲಿ ಯೆಹೂದ್ಯರೆನಿಸಿಕೊಂಡವರು ಅಲ್ಲಿ ಇಟಲಿಯವರಾದರು. ಮುಂಬಯಿಯಲ್ಲಿ 'ಊರಿನವರು', ಊರಿನಲ್ಲಿ 'ಮುಂಬಯಿಯವರು' ಎನಿಸಿಕೊಳ್ಳುವ ನಮಗೆ ಇದು ನಗು ತರಿಸಿದರೂ ಅರ್ಥವಾಗದ ಮಾತಲ್ಲ.

ಎಲ್ಲರೂ ಹೋಗಲಿಲ್ಲ. ಹಿಂದುಳಿದ ಕೆಲವರು, ಮುಖ್ಯವಾಗಿ ಹೆಂಗಸರು, ಸಾನ್ ನಿಕಾಂದ್ರೊದಲ್ಲಿಯೇ ಸಬ್ಬತ್ತಿನ ದೀಪ ಹಚ್ಚುತ್ತ ಬಂದರು. ಹೀಬ್ರೂ ಬಾರದ ಆ ತಾಯಂದಿರು ತಮ್ಮ ಮಾತಿನಲ್ಲಿಯೇ ಸ್ತೋತ್ರಗಳನ್ನು ಕಟ್ಟಿ ಹಾಡಿದರು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಲಿಸಿದರು. ಒಂದು ಚಿಕ್ಕ ಸಮುದಾಯ ಅಲ್ಲಿ ಇಂದಿಗೂ ಉಳಿದಿದೆ. ಪಂಡಿತರಿಲ್ಲದೆ, ದೊಡ್ಡ ಮಂದಿರವಿಲ್ಲದೆ, ಹಣವಿಲ್ಲದೆ ಅದು ಉಳಿದದ್ದು ಅಡುಗೆಮನೆಯ ಕಟ್ಟಳೆಯಿಂದ, ಶುಕ್ರವಾರದ ಸಂಜೆಯ ಹಾಡಿನಿಂದ.

ಒಂದು ಜನಕ್ಕೆ ಸೇರುವುದೆಂದರೇನು? ರಕ್ತವೆನ್ನುವವರು ೧೯೩೮ರ ಕಾನೂನು ಬರೆದರು. ನಡೆಯೆಂದು ಮೈಮೊನಿಡೀಸ್ ಹೇಳಿದನು. ಕನ್ನಡ ನಾಡಿನಿಂದ ದೂರವಿದ್ದು ರಾಜ್ಯೋತ್ಸವ ಆಚರಿಸುವ ನಮ್ಮ ಮಕ್ಕಳಲ್ಲಿ ಹಲವರು ಆ ನಾಡಿನಲ್ಲಿ ಹುಟ್ಟಿದವರಲ್ಲ. ನಮ್ಮ ಮನೆಗಳಿಗೆ ಬೇರೆ ಮಾತಿನ ಸೊಸೆಯಂದಿರೂ ಅಳಿಯಂದಿರೂ ಬಂದಿದ್ದಾರೆ. ಅವರಲ್ಲೊಬ್ಬರು ತೊದಲುತ್ತ ಒಂದು ಕನ್ನಡ ಮಾತನಾಡಿದಾಗ ನಾವು ನಗುತ್ತೇವೆಯೋ, ಮಣೆ ಹಾಕಿ ಕೂರಿಸುತ್ತೇವೆಯೋ? ಭಾಷೆಯೂ ಧರ್ಮವೂ ಒಂದೇ ಅಲ್ಲ. ಅಳತೆ ತಪ್ಪಿದ ಹೋಲಿಕೆ ನಮಗೆ ಬೇಡ. ಆದರೆ ಹೊರಗಿನಿಂದ ಬಂದವರು ಬಾಗಿಲಲ್ಲಿ ಎಷ್ಟು ಕಾಲ ನಿಲ್ಲಬೇಕೆಂಬುದು ಒಳಗಿರುವವರ ಕೈಯಲ್ಲಿದೆ. ಸಾನ್ ನಿಕಾಂದ್ರೊದವರು ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಿಂತರು. ಎಲ್ಲರಿಗೂ ಅಷ್ಟು ತಾಳ್ಮೆ ಇರಲಾರದು.